ತೋಳದ ಮಡ್ಡಿಯಲ್ಲಿ ಕಲ್ಯಾಣ ಮಂಟಪ

ಗಂಗಾವತಿ
೧೮ ನವೆಂಬರ್ ೨೦೨೪

ಪ್ರೀತಿಯ ಮುಬಾಶಿರಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದು ನಿನ್ನ ಹೆಸರಿನವರೆಗೂ ಹೋದೆ, ಬೆರಳು ಮುಂದಕ್ಕೆ ಹೋಗಲಿಲ್ಲ. ಕಾಗದವಾದರೆ ಬೇಡದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬಹುದು. ಈಗಾಗಲೇ ಎರಡು ಹಾಳೆ ಹರಿದಾಯಿತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ನನಗೆ ಕಲ್ಯಾಣ ಮಂಟಪದ ಕೆಲಸ ಸಿಕ್ಕಿದೆ! ಇಡೀ ಕಟ್ಟಡ, ಪಾಯದಿಂದ ಬಣ್ಣದವರೆಗೆ. ಶಾಲೆಯ ಕಾಂಪೌಂಡು, ಪಂಚಾಯಿತಿಯ ಶೌಚಾಲಯ ಅಂತ ಚೂರುಪಾರು ಮಾಡಿಕೊಂಡಿದ್ದ ಗುತ್ತಿಗೆದಾರಳಿಗೆ ಇದು ಎಷ್ಟು ದೊಡ್ಡದೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಕಟ್ಟಿಸುವವರು ರೈಸ್ ಮಿಲ್ಲಿನ ಈಶಪ್ಪ ಸಾಹುಕಾರರು. ಕರೆಸಿ ಕೂರಿಸಿ ಹೇಳಿದರು: "ಪಂಪಾಪತಿ ಮಗಳು ಕಂಬಿ ಕದಿಯೂದಿಲ್ಲ ಅಂತ ಊರಾಗ ಹೇಳ್ತಾರ. ಬರೂ ಮೇ ತಿಂಗಳದಾಗ ನನ್ನ ಮಗಳು ಅಮೃತಾನ ಮದುವಿ. ಆ ಮಂಟಪದಾಗ ಮೊದಲನೇ ಅಕ್ಕಿಕಾಳು ಆಕಿ ತಲಿ ಮ್ಯಾಲ ಬೀಳಬೇಕು. ಆಗತೈತೇನು?"

ಆಗುತ್ತದೆ ಎಂದೆ. 

ಜಾಗ ಕನಕಗಿರಿ ರಸ್ತೆಯಲ್ಲಿದೆ. ಕಾಲುವೆಯ ನೀರು ಮುಗಿದು, ಗದ್ದೆಗಳು ನಿಂತು, ಮಡ್ಡಿ ಶುರುವಾಗುತ್ತದಲ್ಲ, ಅಲ್ಲಿ. ಬರೀ ಕಲ್ಲು ಮತ್ತು ಜಾಲಿ, ನಡುವೆ ಒಂದು ಹಳ್ಳ. ಬೆನ್ನಿಗೆ ತೋಳಗಳಿಗೆಂದು ಕಾಯ್ದಿಟ್ಟ ಕುರುಚಲು ಕಾಡು. ಸಾಹುಕಾರರು ಹೊಸಪೇಟೆಯವರೊಬ್ಬರಿಂದ ನಕ್ಷೆ ಮಾಡಿಸಿದ್ದಾರೆ: ಗುಡ್ಡದ ನೆತ್ತಿಯ ಮೇಲೆ ಮೂರು ಅಂತಸ್ತು, ಮೇಲೊಂದು ಗುಮ್ಮಟ. ಗಂಗಾವತಿಯ ಬಸ್ ನಿಲ್ದಾಣದಿಂದಲೇ ಕಾಣಬೇಕಂತೆ. ರಸ್ತೆಯ ಕಡೆಯ ತಗ್ಗನ್ನು ಖಾಲಿ ಬಿಟ್ಟಿದ್ದಾರೆ.

ಈಗ ಬರೆಯಲು ಕಾರಣ. "ಅನುಮತಿ ಬರ್ತೈತಿ, ನೀ ನೆಲಾ ಸಾಪು ಮಾಡಾಕ ಹತ್ತು" ಎನ್ನುತ್ತಿದ್ದಾರೆ. ಈ ಮಾತನ್ನು ನಮ್ಮ ಮನೆ ಹಿಂದೊಮ್ಮೆ ಕೇಳಿದೆ. ಆ ಲಾಡ್ಜಿನ ಮಾಲೀಕರೂ ಗುತ್ತಿಗೆ ಹಿಡಿದಿದ್ದ ಅಪ್ಪನಿಗೆ ಹೀಗೆಯೇ ಹೇಳಿ ಮೇಲಿನ ಅಂತಸ್ತು ಹಾಕಿಸಿದರು. ಅನುಮತಿ ಬರಲಿಲ್ಲ. ನಿಮ್ಮ ನಗರ ಯೋಜನೆ ಆಫೀಸಿನಿಂದ ನಿನ್ನ ಸಹಿ ಇದ್ದ ನೋಟಿಸು ಬಂತು, ಆಮೇಲೆ ಒಡೆಯುವ ಮಷೀನು ಬಂತು. ತಾನು ಹಾಕಿದ ಸ್ಲ್ಯಾಬು ಪುಡಿಯಾಗುವುದನ್ನು ಅಪ್ಪ ಕೆಳಗೆ ನಿಂತು ನೋಡಿದ. ಅಂದಿನಿಂದ ಯಾವ ಕೆಲಸವನ್ನೂ ಹಿಡಿದಿಲ್ಲ. ನಿನ್ನ ಹೆಸರನ್ನೂ ಎತ್ತಿಲ್ಲ.

ಜಗಳಕ್ಕೆ ಬರೆದಿಲ್ಲ, ಮುಬಾಶಿರಾ. ಡಿಪ್ಲೊಮಾದಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಕಟ್ಟಿದ್ದನ್ನು ಯಾರೂ ಒಡೆಯಬಾರದು, ಅದಕ್ಕೆ ಏನೇನು ಮಾಡಬೇಕೋ ಹೇಳು.

ಮಲ್ಲೇಶ್ವರಿ

*

ಕೊಪ್ಪಳ
೨೬ ನವೆಂಬರ್ ೨೦೨೪

ಪ್ರೀತಿಯ ಮಲ್ಲಿ,

ನಿನ್ನ ಅಕ್ಷರ ಕವರಿನ ಮೇಲೆ ನೋಡಿ ಮೆಟ್ಟಿಲ ಮೇಲೆ ನಿಂತೇ ಓದಿದೆ. ಪಕ್ಕದ ಮನೆಯವರು "ಏನ್ರಿ ಮೇಡಂ, ಪ್ರಮೋಷನ್ ಬಂತೇನ್ರಿ?" ಅಂದರು. ಹೌದು ಅಂದುಬಿಟ್ಟೆ.

ಕಲ್ಯಾಣ ಮಂಟಪ! ಶಾಲೆಯ ಕಾಂಪೌಂಡಿಗೂ ದಾರ ಹಿಡಿದು ಮೂರು ಸಲ ಅಳೆಯುವವಳು ನೀನು. ನನಗೆ ಈಗಲೇ ಬಂದು ಆ ಮಡ್ಡಿ ನೋಡಬೇಕು ಅನಿಸುತ್ತಿದೆ. ಆದರೆ ಬರುವುದಿಲ್ಲ, ಕಾರಣ ಹೇಳುತ್ತೇನೆ. ಆ ನಕ್ಷೆ ಅನುಮತಿಗೆ ನಮ್ಮ ಆಫೀಸಿಗೇ ಬರುತ್ತದೆ. ಬಂದ ದಿನವೇ 'ಗುತ್ತಿಗೆದಾರಳು ನನ್ನ ಗೆಳತಿ' ಎಂದು ಮೇಲಿನವರಿಗೆ ಬರೆದುಕೊಟ್ಟು ಫೈಲನ್ನು ಬೇರೆಯವರ ಟೇಬಲ್ಲಿಗೆ ಕಳಿಸುತ್ತೇನೆ. ನಿನ್ನ ಕಾಗದ ಮನೆಯಲ್ಲಿ ಓದುತ್ತೇನೆ, ಫೈಲನ್ನು ಮುಟ್ಟುವುದಿಲ್ಲ. ಆದರೆ ನಿಯಮ ಏನಿದೆ ಎಂದು ಯಾರು ಕೇಳಿದರೂ ಹೇಳುವುದು ನನ್ನ ಕೆಲಸ. ಆದ್ದರಿಂದ ಕೇಳು.

ಹೊಲವಾಗಿರುವ ಜಾಗ ಮೊದಲು ಎನ್‌ಎ ಆಗಬೇಕು, ಅಂದರೆ ಬೇಸಾಯಕ್ಕಲ್ಲದ ಬಳಕೆಗೆ ಬದಲಾಗಬೇಕು. ಅದು ಆದ ಮೇಲೆ ನಕ್ಷೆ. ಮದುವೆಗೆ ಸಾವಿರ ಜನ ಬರುವ ಕಡೆ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಸುತ್ತಲೂ ತಿರುಗಬೇಕು, ಅಷ್ಟು ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಜಾಗ, ಬಿಡಬೇಕು. ಗಾಡಿಗಳು ರಸ್ತೆಯಲ್ಲಿ ನಿಲ್ಲಬಾರದು. ಹಳ್ಳ ಒಣಗಿದ್ದರೂ ಅದು ಹಳ್ಳವೇ: ಮುಚ್ಚುವಂತಿಲ್ಲ, ತಿರುಗಿಸುವಂತಿಲ್ಲ, ದಂಡೆಯಿಂದ ದೂರ ಬಿಟ್ಟು ಕಟ್ಟಬೇಕು. ಇನ್ನು ನೀನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೇ ಎಲ್ಲಕ್ಕಿಂತ ದೊಡ್ಡದು. ಕಾಯ್ದಿಟ್ಟ ಕಾಡಿನ ಅಂಚು ಪರಿಸರ ಸೂಕ್ಷ್ಮ ವಲಯಕ್ಕೆ ಸೇರಬಹುದು. ಅಲ್ಲಿ ಎಷ್ಟು ಎತ್ತರ, ಎಷ್ಟು ಬೆಳಕು, ಎಷ್ಟು ಸದ್ದು ಎಲ್ಲಕ್ಕೂ ಮಿತಿ ಇರುತ್ತದೆ. ಅರಣ್ಯ ಇಲಾಖೆಯ ಅಭಿಪ್ರಾಯ ಬರಬೇಕು, ಅದೂ ಬರಹದಲ್ಲಿ.

ಅಲ್ಲಿಯವರೆಗೆ ಒಂದು ಗುದ್ದಲಿಯೂ ಬೀಳಬಾರದು. ಸಾಹುಕಾರರು ಬೈದರೆ ಬೈಸಿಕೋ.

ನಿನ್ನ ಅಪ್ಪ, ನನ್ನ ಕಾಕಾ, ಹೇಗಿದ್ದಾರೆಂದು ಕೇಳಲು ನನಗೆ ಧೈರ್ಯವಿಲ್ಲ. ಕೇಳಿದ್ದೇನೆ ಅಂದುಕೋ.

ನಿನ್ನ
ಮುಬಾಶಿರಾ

*

ಗಂಗಾವತಿ
೧೫ ಡಿಸೆಂಬರ್ ೨೦೨೪

ಮುಬಾಶಿರಾ,

ಬೈಸಿಕೊಂಡೆ, ಚೆನ್ನಾಗಿಯೇ. "ನನ್ನ ಹೊಲದಾಗ ನಾ ಕಟ್ಟಾಕ ತ್ವಾಳದ ಪರ್ಮಿಷನ್ ತಗೋಬೇಕಾ?" ಎಂದು ಸಾಹುಕಾರರು ಮಿಲ್ಲಿನ ಸದ್ದಿಗಿಂತ ಜೋರಾಗಿ ಕೂಗಿದರು. ಹಮಾಲರೆಲ್ಲ ಚೀಲ ಇಳಿಸಿ ನೋಡತೊಡಗಿದರು. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಎನ್‌ಎಗೂ ಅರಣ್ಯದವರ ಅಭಿಪ್ರಾಯಕ್ಕೂ ಅರ್ಜಿ ಹಾಕಿಸಿದೆ. ಸಹಿ ಮಾಡುವಾಗ ಪೆನ್ನು ಕಾಗದದೊಳಗೆ ಇಳಿಯುವಂತೆ ಒತ್ತಿದರು, ಆದರೆ ಮಾಡಿದರು!

ಒಂದು ಮಾತಿಗೆ ಮಾತ್ರ ನಾನು ಸೋತೆ. "ಜಾಲಿ ಕಡಿಯಾಕ ಯಾವ ಕಾನೂನು ಬೇಕಲೇ? ಅದರಾಗ ಹಾವು ಚೇಳು ಬಿಟ್ರ ಏನೈತಿ?" ಎಂದರು. ಜಾಲಿಯಷ್ಟೇ ತಾನೇ, ಮಣ್ಣು ಮುಟ್ಟುವುದಿಲ್ಲವಲ್ಲ ಎಂದು ಒಪ್ಪಿದೆ. ಬರುವ ವಾರ ಹನುಮೇಶ ಜೆಸಿಬಿ ತರುತ್ತಾನೆ. ಅವನು ಅಪ್ಪನ ಕಾಲದಿಂದ ನಮ್ಮ ಜೊತೆ ಇರುವ ಹುಷಾರಿನ ಆಪರೇಟರ್.

ನಿನ್ನ ಕಾಗದ ಬಂದದ್ದನ್ನು ಅಪ್ಪ ನೋಡಿದ. ಕವರನ್ನು ತಿರುಗಿಸಿ ಕೊಪ್ಪಳದ ಮುದ್ರೆ ನೋಡಿ ನನ್ನ ಮುಂದಿಟ್ಟು ಹೋದ.

ಮಲ್ಲಿ

*

ಗಂಗಾವತಿ
೨ ಜನವರಿ ೨೦೨೫

ಮುಬಾಶಿರಾ,

ಹೊಸ ವರ್ಷದ ಶುಭಾಶಯ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಈ ಸಲ ಹೆಚ್ಚು. ಅವ್ವ ಎಳ್ಳುಹೋಳಿಗೆಗೆ ಈಗಲೇ ಎಳ್ಳು ಹುರಿದಿಟ್ಟಿದ್ದಾಳೆ, ನಿನ್ನ ಪಾಲಿನದೂ ಸೇರಿಸಿ ಹುರಿದಳೋ ಏನೋ, ಡಬ್ಬಿ ತುಂಬಿ ಹೊರಗೆ ಚೆಲ್ಲಿತು. ಭತ್ತದ ಲಾರಿಗಳಿಂದ ಊರಲ್ಲಿ ನಡೆಯಲು ದಾರಿಯಿಲ್ಲ. ಅಮೃತಾ ಮದುವೆಯ ಸೀರೆಗೆಂದು ಇಳಕಲ್‌ಗೆ ಹೋಗಿ ಬಂದಳಂತೆ, ನನಗೂ ತೋರಿಸಿದಳು, ಚೆನ್ನಾಗಿದೆ. ನಿಮ್ಮ ಆಫೀಸಿನ ಹೊಸ ಕಟ್ಟಡ ಮುಗಿಯಿತೇ? ಅಮ್ಮಿಯ ಮಂಡಿ ನೋವು ಹೇಗಿದೆ?

ಬೇರೇನೂ ವಿಶೇಷವಿಲ್ಲ.

ಮಲ್ಲೇಶ್ವರಿ

*

ಕೊಪ್ಪಳ
೭ ಜನವರಿ ೨೦೨೫

ಮಲ್ಲಿ,

ಎಳ್ಳು, ಚಳಿ, ಲಾರಿ, ಸೀರೆ, ಅಮ್ಮಿಯ ಮಂಡಿ. ಮಂಟಪದ ಬಗ್ಗೆ ಒಂದು ಸಾಲೂ ಇಲ್ಲ. ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀಯ.

ಮಡ್ಡಿಯಲ್ಲಿ ಏನು ಕಂಡೆ?

ಮುಬಾಶಿರಾ

*

ಗಂಗಾವತಿ
೨೦ ಜನವರಿ ೨೦೨೫

ಮುಬಿ,

ಈಗ ಹೇಳಬಹುದು. ಕೂತುಕೊಂಡು ಓದು, ಇದು ಉದ್ದವಾಗುತ್ತದೆ. ಬರೆಯುವಾಗ ಕೈಯೇ ನಿಲ್ಲುತ್ತಿಲ್ಲ!

ಡಿಸೆಂಬರಿನ ಕೊನೆಯ ವಾರ. ಹನುಮೇಶ ಹಳ್ಳದ ಮೇಲಿನ ಜಾಲಿಯನ್ನು ಬಕೆಟ್ಟಿನಿಂದ ಎತ್ತುತ್ತಿದ್ದ. ಇದ್ದಕ್ಕಿದ್ದಂತೆ ಮಷೀನು ಬಂದ್ ಮಾಡಿ ಕೆಳಗೆ ಜಿಗಿದ. "ಅಕ್ಕಾ, ಇಲ್ಲಿ ಬರ್ರಿ. ಮೆಲ್ಲಕ ಬರ್ರಿ. ಒಳಗ ಏನೋ ಅದಾವು." ಒಂದು ಹಾಸುಬಂಡೆಯ ಕೆಳಗೆ ಗುದ್ದು, ಒಳಕ್ಕೆ ಇಳಿದ ಬಿಲ. ಬಗ್ಗಿ ನೋಡಿದೆ. ಕತ್ತಲಲ್ಲಿ ಉಣ್ಣೆಯ ಉಂಡೆಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಒಂದು ತಲೆ ಎತ್ತಿತು. ಬೂದು ನೀಲಿ ಕಣ್ಣು. ನಾಯಿಮರಿ ಅಂದುಕೊಳ್ಳುವಷ್ಟರಲ್ಲಿ ಹನುಮೇಶ ನನ್ನ ತೋಳು ಹಿಡಿದ. ಹಳ್ಳದ ಆಚೆ ದಂಡೆಯ ಮೇಲೆ ತಾಯಿ ನಿಂತಿತ್ತು. ಗುರ್ ಎನ್ನಲಿಲ್ಲ, ಓಡಲಿಲ್ಲ. ನಮ್ಮನ್ನೇ ನೋಡುತ್ತಿತ್ತು.

ಹಿಂದೆ ಹಿಂದೆ ಸರಿದು ಬಂದೆವು. ರಸ್ತೆ ಮುಟ್ಟಿದ ಮೇಲೆ ಇಬ್ಬರೂ ನೆಲಕ್ಕೆ ಕೂತು ಸುಮ್ಮಸುಮ್ಮನೆ ನಕ್ಕೆವು.

ಸಾಹುಕಾರರಿಗೆ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಅವರು ಬಾಗಿಲು ಹಾಕಿ, ಇಷ್ಟು ವರ್ಷದಲ್ಲಿ ಮೊದಲ ಸಲ ತಗ್ಗಿದ ದನಿಯಲ್ಲಿ ಮಾತಾಡಿದರು. "ಗುದ್ದಿನ ಬಾಯಿಗೆ ಎರಡು ಬಕೆಟ್ ಮಣ್ಣು ಹಾಕಿಬಿಡು. ನೀ ನೋಡಿಲ್ಲ, ನಾ ನೋಡಿಲ್ಲ. ಮಗಳ ಮದುವಿ ಐತಿ ನನ್ನದು."

ಇಲ್ಲ ಅನ್ನಬೇಕಿತ್ತು. ನಾನು "ಮಷೀನಿನ ಪೈಪ್ ಒಡದೈತ್ರಿ, ರಿಪೇರಿ ಆಗಬೇಕು" ಎಂದೆ. ಮಷೀನು ನೆಟ್ಟಗಿತ್ತು. ನಿನಗೆ ಎಳ್ಳು, ಚಳಿ ಎಂದು ಬರೆದದ್ದು ಆ ದಿನಗಳಲ್ಲಿ. ನನ್ನ ಮೊದಲ ದೊಡ್ಡ ಕೆಲಸ, ಮುಬಿ. ಅರಣ್ಯದವರಿಗೆ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮರಿಗಳು ಹೋಗುತ್ತವೆ. ಊರಲ್ಲಿ ಯಾರ ಹತ್ತಿರವೂ ಬಾಯಿ ಬಿಡುವಂತಿರಲಿಲ್ಲ. ಮಡ್ಡಿಯಲ್ಲಿ ಕುರಿ ಮೇಯಿಸುವ ಹುಲಿಗವ್ವನ ಕುರಿಮರಿಯೊಂದನ್ನು ತೋಳ ಒಯ್ದಿತ್ತು. ಗುದ್ದು ಎಲ್ಲಿದೆ ಎಂದು ತಿಳಿದರೆ ಕುರಿಗಾರರು ಹೊಗೆ ಹಾಕದೆ ಬಿಡುತ್ತಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ನಾವು ಊಟಕ್ಕೆ ಕೂತಿದ್ದಾಗ ಹನುಮೇಶ ಬಂದ. ಜೆಸಿಬಿಯ ಕೀಲಿಯನ್ನು ನನ್ನ ತಾಟಿನ ಪಕ್ಕ ಇಟ್ಟ. "ಸಾಹುಕಾರ್ರು ನನಗ ನೇರ ಫೋನ್ ಮಾಡ್ಯಾರ ಅಕ್ಕಾ. ನಾಳಿ ಮುಂಜಾನಿ ಬಂದು ಮುಚ್ಚು ಅಂದಾರ. ನನಗ ಆಗೂದಿಲ್ಲ. ಕೀಲಿ ನಿಮ್ಮ ಕಡೆ ಇರ್ಲಿ." ಅಷ್ಟು ಹೇಳಿ ನೀರೂ ಕುಡಿಯದೆ ಹೋದ.

ಅಪ್ಪ ತುತ್ತು ನಿಲ್ಲಿಸಿದ. "ಏನು ಮುಚ್ಚೂದು?" ಎಲ್ಲ ಹೇಳಿದೆ. ಅವನು ಕೈ ತೊಳೆದುಕೊಂಡು ಬಂದು ಕೇಳಿದ:

"ಬರದು ಕೊಟ್ಟಿಯೇನು?"

"ಯಾರಿಗಪ್ಪಾ?"

"ಅರಣ್ಯದವರಿಗೆ. ಬಾಯಿಮಾತು ಬ್ಯಾಡ. ಬರದು ಕೊಡು, ಮುದ್ರಿ ಹಾಕಿಸ್ಕೊ. ಲಾಡ್ಜಿನಾಗ ನಾ ಬಾಯಿಮಾತು ನಂಬಿದೆ."

ಎರಡು ವರ್ಷದಲ್ಲಿ ಲಾಡ್ಜು ಎಂಬ ಶಬ್ದ ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವ್ವ ಸಾರಿನ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು.

ಅದೇ ಮಧ್ಯಾಹ್ನ ಬರೆದುಕೊಟ್ಟೆ. ಮರುದಿನ ವಲಯ ಅರಣ್ಯಾಧಿಕಾರಿಯೇ ಬಂದರು. ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗಟ್ಟಿ ಗಂಟಲು. ಅವರ ಹಿಂದೆಯೇ ಸಾಹುಕಾರರ ಜೀಪು. ಇಳಿಯುವ ಮೊದಲೇ ಕೂಗಿದರು: "ಮಲ್ಲೇಶ್ವರಿ, ನಿನ್ನ ಕೆಲಸಾ ಇವತ್ತಿಗೆ ಮುಗೀತು! ನನ್ನ ಹೊಲದಾಗ ನನ್ನ ಮ್ಯಾಲ ಅರ್ಜಿ ಕೊಡ್ತೀಯಾ?"

ಅಧಿಕಾರಿ ಹೇಳಿದರು: "ಹೊಲ ನಿಮ್ಮದ್ರಿ ಯಜಮಾನ್ರ, ಯಾರೂ ಕಸಗೊಳ್ಳೂದಿಲ್ಲ. ಆದ್ರ ತ್ವಾಳ ನಿಮ್ಮದಲ್ಲ. ಗುದ್ದು ಮುಚ್ಚಿದ್ರ ಬೇಟಿ ಆಡಿದಂಗ, ಕೇಸು ಆಗತೈತಿ, ಜೇಲು ಐತಿ. ಮರಿ ತಾವಾಗೇ ಹೋಗೂ ತನಕ ಇಲ್ಲಿ ಮಷೀನು ಬರಂಗಿಲ್ಲ."

ಸಾಹುಕಾರರು ಏನೋ ಹೇಳಲು ಬಾಯಿ ತೆರೆದರು. ಜೀಪಿನ ಹಿಂದಿನ ಸೀಟಿನಿಂದ ಅಮೃತಾ ಇಳಿದು, "ಅಪ್ಪಾ, ಒಂದ್ಸಲ ನೋಡೂಣು. ನೋಡಿ ಬೈಯುವಂತಿ" ಎಂದು ಕೈ ಹಿಡಿದಳು.

ದೂರದ ಬಂಡೆಯ ಮೇಲೆ ಬೋರಲು ಮಲಗಿದೆವು. ಸಾಹುಕಾರರೂ ಮಲಗಿದರು, ಬಿಳಿ ಅಂಗಿ ಪಂಚೆಯಲ್ಲಿಯೇ! ಬಿಸಿಲು ಇಳಿಯುವ ಹೊತ್ತಿಗೆ ತಾಯಿ ಬಂತು. ಗುದ್ದಿನ ಮುಂದೆ ನಿಂತು ಒಂದು ಸಣ್ಣ ಸದ್ದು ಮಾಡಿತು. ಒಳಗಿಂದ ಮರಿಗಳು ಒಂದರ ಮೇಲೊಂದು ಉರುಳಿ ಬಂದವು, ಅದರ ಬಾಯಿಯನ್ನು ನೆಕ್ಕಿ ನೆಕ್ಕಿ ಕಾಡಿದವು. ತಾಯಿ ನುಂಗಿ ತಂದದ್ದನ್ನು ಕಕ್ಕಿ ಹಾಕಿತು. ಒಂದು ಮರಿ ಇನ್ನೊಂದರ ಬಾಲ ಹಿಡಿದು ಎಳೆಯುತ್ತಿತ್ತು. ದುರ್ಬೀನು ಸಾಹುಕಾರರ ಕೈಯಲ್ಲಿತ್ತು, ಯಾರು ಕೇಳಿದರೂ ಕೊಡಲಿಲ್ಲ.

"ಐದು ಅದಾವಲೇ!" ಎಂದರು, ಪಿಸುಮಾತಿನಲ್ಲಿ. ಸ್ವಲ್ಪ ಹೊತ್ತಾದ ಮೇಲೆ, "ಆ ಬಾಲಾ ಜಗ್ಗೂದು ಹೆಣ್ಣಿರಬೇಕು" ಎಂದು ಮಗಳ ಕಡೆ ನೋಡಿದರು.

ವಾಪಸು ನಡೆಯುವಾಗ ಮತ್ತೆ ಮುಖ ಗಂಟಾಯಿತು. "ಮದುವಿ ಎಲ್ಲಿ ಮಾಡ್ಲಿ?" ಅಮೃತಾ ನಿಂತು ಹೇಳಿದಳು: "ಅಪ್ಪಾ, ಮದುವಿ ನನ್ನದು, ಮಂಟಪದ್ದಲ್ಲ. ಮಿಲ್ಲಿನ ಭತ್ತದ ಕಣದಾಗ ಪೆಂಡಾಲ್ ಹಾಕ್ಸು. ಅಷ್ಟು ದೊಡ್ಡ ಹಾಲ್ ಗಂಗಾವತಿಯಾಗ ಎಲ್ಲೈತಿ?"

ಅವರು ನನ್ನೊಡನೆ ಒಂದು ಮಾತೂ ಆಡದೆ ಜೀಪು ಹತ್ತಿದರು. ಕೆಲಸ ಉಳಿಯಿತೋ ಹೋಯಿತೋ ನನಗೆ ಗೊತ್ತಿಲ್ಲ. ಆದರೂ ಆ ಮರಿಗಳ ನೆನಪಾದಾಗಲೆಲ್ಲ ಮನೆಯಲ್ಲಿ ಒಬ್ಬಳೇ ನಗುತ್ತಿದ್ದೇನೆ.

ನಿನ್ನ
ಮಲ್ಲಿ

*

ಕೊಪ್ಪಳ
೩೦ ಜನವರಿ ೨೦೨೫

ಮಲ್ಲಿ, ಮಲ್ಲಿ, ಮಲ್ಲಿ,

ಅಮ್ಮಿಗೆ ಓದಿ ಹೇಳಿದೆ. ದುರ್ಬೀನಿನ ಕಡೆ ಬಂದಾಗ ನಿಲ್ಲಿಸಿ ಮತ್ತೆ ಓದಿಸಿದರು. ಈಗ ಮನೆಗೆ ಬಂದವರಿಗೆಲ್ಲ "ನಮ್ಮ ಮಲ್ಲಿ ತೋಳ ಉಳಿಸಿದಳು" ಎನ್ನುತ್ತಾರೆ, ನೀನು ಕೋಲು ಹಿಡಿದು ಹೋರಾಡಿದೆಯೇನೋ ಎಂಬಂತೆ.

ಫೈಲು ಬಂತು. ಹೇಳಿದ ಹಾಗೆ ಬರೆದುಕೊಟ್ಟೆ, ಅದು ಈಗ ಗಾದಿಲಿಂಗಪ್ಪ ಸರ್ ಟೇಬಲ್ಲಿನ ಮೇಲಿದೆ. ಏನಾಗುತ್ತದೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಒಂದು ಮಾತು ಎಲ್ಲರಿಗೂ ಅನ್ವಯಿಸುವುದರಿಂದ ಹೇಳುತ್ತೇನೆ. ನಕ್ಷೆಯನ್ನು ಬದಲಿಸಿ ಮತ್ತೆ ಕೊಡಬಹುದು. ತಿರಸ್ಕಾರವಾಗುವ ತನಕ ಕಾಯಬೇಕೆಂದಿಲ್ಲ. ನೆತ್ತಿಯೇ ಯಾಕೆ ಬೇಕು? ಮೂರು ಅಂತಸ್ತೇ ಯಾಕೆ? ರಸ್ತೆಯ ಕಡೆಯ ತಗ್ಗು ಖಾಲಿ ಇದೆ ಎಂದು ನೀನೇ ಬರೆದಿದ್ದೆ. ಸಾಹುಕಾರರು ನಿನ್ನನ್ನು ಬಿಟ್ಟಿದ್ದರೂ ಗೆರೆ ಎಳೆಯಬೇಡ ಎಂದು ಯಾರೂ ಹೇಳಿಲ್ಲವಲ್ಲ.

ಕಾಕಾ ಲಾಡ್ಜಿನ ಮಾತು ಎತ್ತಿದರು ಎಂದು ಬರೆದೆಯಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಒಡೆದ ದಿನ ನಾನೂ ಅಲ್ಲಿದ್ದೆ. ರಸ್ತೆಯಾಚೆ, ಚಹಾದಂಗಡಿಯ ತಟ್ಟಿಯ ಹಿಂದೆ. ಆ ಕಟ್ಟಡದಲ್ಲಿ ಕೆಳಗಿಳಿಯಲು ಒಂದೇ ಮೆಟ್ಟಿಲಿತ್ತು, ಮೇಲೆ ಬೆಂಕಿ ಬಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ. ಅದೇ ಫೈಲು ಇವತ್ತು ಬಂದರೂ ಸಹಿ ಹಾಕುತ್ತೇನೆ. ಆದರೆ ನಿಮ್ಮ ಮನೆಯಲ್ಲಿ ಮೂರು ವರ್ಷ ಉಂಡವಳಿಗೆ ಕಾಕಾನ ಬೆನ್ನು ನೋಡುವುದು ಸುಲಭವಿರಲಿಲ್ಲ.

ಸಾಕು. ಮರಿಗಳ ಸುದ್ದಿ ಬರೆ!

ಮುಬಿ

*

ಗಂಗಾವತಿ
೨೩ ಮಾರ್ಚ್ ೨೦೨೫

ಮುಬಿ,

ಕೆಲಸ ಉಳಿಯಿತು!

ನಿನ್ನ ಕಾಗದ ಓದಿದ ದಿನವೇ ಗೆರೆ ಎಳೆಯಲು ಕೂತೆ. ನೆತ್ತಿಯನ್ನು ಬಿಟ್ಟೆ. ರಸ್ತೆಯ ಕಡೆಯ ತಗ್ಗಿನಲ್ಲಿ ಒಂದೇ ಅಂತಸ್ತು, ಉದ್ದಕ್ಕೆ. ಹಳ್ಳ ಇದ್ದ ಹಾಗೆಯೇ ಇರುತ್ತದೆ. ಕಾಡಿನ ಕಡೆ ಗೋಡೆಯಿಲ್ಲ, ಹಳ್ಳದ ಗುಂಟ ಪ್ರಾಣಿಗಳಿಗೆ ಅಗಲವಾದ ದಾರಿ. ಅತ್ತ ಒಂದೂ ದೀಪ ತಿರುಗುವುದಿಲ್ಲ, ಸ್ಪೀಕರು ಹೊರಗೆ ಕಟ್ಟುವಂತಿಲ್ಲ. ಮೊದಮೊದಲು ಇದು ಬೇಡ, ಅದು ಬೇಡ ಎಂದು ಹೊಡೆಯುತ್ತ ಹೋದಂತೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅನಿಸಿತ್ತು. ಆಮೇಲೆ ನೋಡಿದರೆ ನೆತ್ತಿಗೆ ಹೊಡೆಯುತ್ತಿದ್ದ ಬಿಸಿಗಾಳಿ ತಗ್ಗಿಗೆ ಬರುವುದಿಲ್ಲ. ಹಳ್ಳದ ಕಡೆ ಪೂರ್ತಿ ತೆರೆದಿಟ್ಟರೆ ಗಾಳಿ ತಾನಾಗಿಯೇ ಓಡಾಡುತ್ತದೆ. ಮುಬಿ, ಮೊದಲಿನ ನಕ್ಷೆಯಲ್ಲಿ ಮದುವೆಗೆ ಬಂದವರು ಬೇಯುತ್ತಿದ್ದರು!

ಅದನ್ನು ಹಿಡಿದು ಮಿಲ್ಲಿಗೆ ಹೋದೆ, ಕರೆಯದೆಯೇ. ಸಾಹುಕಾರರು ಗಲ್ಲೆಯ ಮುಂದೆ ಕೂತಿದ್ದವರಿಗೆ, "ನನ್ನ ಹೊಲದಾಗ ತ್ವಾಳ ಹಡದೈತಿ, ಐದು ಮರಿ. ನೋಡಾಕ ಊರಽ ಬರ್ತೈತಿ. ನಿಮ್ಮ ಹೊಲದಾಗ ಏನ್ ಐತಿ, ಇಲಿ?" ಎನ್ನುತ್ತಿದ್ದರು! ಅಕ್ಕಿ ವ್ಯಾಪಾರಿಗಳನ್ನು ಜೀಪಿನಲ್ಲಿ ತುಂಬಿಕೊಂಡು ತೋರಿಸಲು ಹೋಗಿ ಅಧಿಕಾರಿಯಿಂದ ಬೈಸಿಕೊಂಡು ಬಂದಿದ್ದರಂತೆ.

ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ಗುಮ್ಮಟ ಎಲ್ಲಿ?"

"ಇಲ್ರಿ."

"ಸಣ್ಣದರೆ?"

"ಇಲ್ರಿ."

"ಬಸ್ ಸ್ಟ್ಯಾಂಡಿನಿಂದ ಕಾಣೂದಿಲ್ಲಂದ್ರ ಕಟ್ಟಿಸಿ ಏನ್ ಮಾಡ್ಲಿ?"

"ತ್ವಾಳಾ ನೋಡಾಕ ಊರು ಬರ್ತೈತಂತ ನೀವಽ ಹೇಳಿದ್ರಲ್ಲರಿ. ಹಂಗಽ ಮಂಟಪಾನೂ ಹುಡಿಕ್ಕೊಂಡು ಬರ್ತಾರ."

ಅವರಿಗೆ ನಗು ಬಂತು, ತಡೆದುಕೊಂಡರು, ತಡೆಯಲಾಗಲಿಲ್ಲ. ಹೊಸ ನಕ್ಷೆಗೆ ಸಹಿ ಹಾಕಿ ನಿಮ್ಮ ಆಫೀಸಿಗೆ ಕಳಿಸಿದ್ದಾರೆ.

ಎಲ್ಲರೂ ಹೀಗೆ ನಗಲಿಲ್ಲ ಅನ್ನುವುದನ್ನೂ ಬರೆಯಬೇಕು. ಹುಲಿಗವ್ವ ರಸ್ತೆಯಲ್ಲಿ ನನ್ನನ್ನು ತಡೆದು ಕೇಳಿದಳು: "ಅದರ ಮರಿ ಉಳಿಸಿದಿ, ಛಲೋ ಆತು. ನನ್ನ ಕುರಿಮರಿ ಹೋತಲ್ಲ, ಅದಕ್ಕ ಯಾರು?" ಅವಳನ್ನು ಕರೆದುಕೊಂಡು ಅಧಿಕಾರಿಯ ಬಳಿ ಹೋದೆ. ಕಾನೂನಿನಲ್ಲಿ ಅದಕ್ಕೂ ಪರಿಹಾರವಿದೆ. ಅರ್ಜಿ ಕೊಟ್ಟಿದ್ದೇವೆ. ಅವಳು ಹೆಬ್ಬೆಟ್ಟು ಒತ್ತಿ, "ಬರ್ಲಿ ನೋಡೂಣು" ಎಂದಳು. ನಂಬಿದ ಹಾಗೆ ಕಾಣಲಿಲ್ಲ.

ಮರಿಗಳು ಹೋದವು. ಕಳೆದ ವಾರ ಗುದ್ದು ಖಾಲಿಯಾಗಿತ್ತು. ಹನುಮೇಶ ಬಂಡೆಯ ಬಳಿ ಕೂತು ಬೀಡಿಯೂ ಸೇದದೆ ಎದ್ದು ಬಂದ.

ಅಮೃತಾಳ ಮದುವೆ ಮೇ ಹನ್ನೆರಡಕ್ಕೆ, ಮಿಲ್ಲಿನ ಕಣದಲ್ಲಿ. ಸಾಹುಕಾರರು ನಿನಗೂ ಪತ್ರಿಕೆ ಕೊಟ್ಟಿದ್ದಾರೆ. ಬರುತ್ತೀಯಲ್ಲ?

ಮಲ್ಲಿ

*

ಕೊಪ್ಪಳ
೪ ಏಪ್ರಿಲ್ ೨೦೨೫

ಪ್ರೀತಿಯ ಮಲ್ಲಿ,

ಬರುವುದಿಲ್ಲ. ಫೈಲು ನನ್ನ ಟೇಬಲ್ಲಿನ ಮೇಲಿಲ್ಲದಿದ್ದರೂ ನನ್ನ ಆಫೀಸಿನಲ್ಲೇ ಇದೆ. ಅದು ತೀರ್ಮಾನವಾಗುವವರೆಗೆ ನಾನು ಅವರ ಮನೆಯ ಅನ್ನ ಉಣ್ಣಬಾರದು. ಸಾಹುಕಾರರಿಗೆ ಸಿಟ್ಟು ಬಾರದಂತೆ ನೀನೇ ಹೇಳು.

ಆ ದಿನ ಗಂಗಾವತಿಗೆ ಬಂದು ಹೊರಗಿನಿಂದ ನೋಡಿ ಹೋಗಲೇ ಎಂದೂ ಯೋಚಿಸಿದೆ. ಬೇಡ. ಒಮ್ಮೆ ತಟ್ಟಿಯ ಹಿಂದೆ ನಿಂತದ್ದು ಸಾಕು. ಇನ್ನು ಬಂದರೆ ಎದುರಿಗೇ ಬರುತ್ತೇನೆ.

ಮದುವೆಯಲ್ಲಿ ಏನೇನಾಯಿತು ಎಲ್ಲ ಬರೆ. ಊಟಕ್ಕೆ ಏನಿತ್ತು ಅನ್ನುವುದನ್ನೂ.

ಮುಬಿ

*

ಗಂಗಾವತಿ
೧೪ ಮೇ ೨೦೨೫

ಮುಬಿ,

ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ಮಿರ್ಚಿ, ಅನ್ನ ಸಾರು, ಮಜ್ಜಿಗೆ. ನಿನ್ನ ಪ್ರಶ್ನೆಗೆ ಮೊದಲು ಉತ್ತರ.

ಭತ್ತ ಒಣಗಿಸುವ ಕಣವಿಡೀ ಪೆಂಡಾಲು. ಮಿಲ್ಲು ನಿಲ್ಲಿಸಿದ್ದರು. ಆ ಮಿಲ್ಲು ನಿಂತದ್ದನ್ನು ನಾನು ನೋಡಿದ್ದೇ ಮೊದಲು. ಅಕ್ಕಿಕಾಳು ಹಾಕುವ ಹೊತ್ತಿಗೆ ಹಮಾಲರು ಬುಟ್ಟಿ ಬುಟ್ಟಿ ಹೊಸ ಅಕ್ಕಿ ತಂದು ಸುರಿದರು, ಅಮೃತಾಳ ತಲೆಯ ಹೂದಂಡೆಯೊಳಗೆಲ್ಲ ಅಕ್ಕಿ. ಅವಳು ನಗುತ್ತ ತಲೆ ಕೊಡವಿದಳು. ಹನುಮೇಶ ಜೆಸಿಬಿಗೆ ಬಾಳೆಗಿಡ ಕಟ್ಟಿ ಬಾಗಿಲಲ್ಲಿ ನಿಲ್ಲಿಸಿದ್ದ, ಬೀಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ನೀನು ಬಾರದ ಕಾರಣ ಸಾಹುಕಾರರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಅಂಥವರು ಇರೂ ಆಫೀಸಿನ ಸಹಿ ಬಿದ್ರ ಯಾರೂ ಒಡಸೂದಿಲ್ಲ ಬಿಡು" ಎಂದರು.

ಅಪ್ಪ ಪಕ್ಕದಲ್ಲೇ ಉಣ್ಣುತ್ತಿದ್ದ. ಕೇಳಿಸಿಕೊಂಡ. ಹುಗ್ಗಿ ಎರಡನೆಯ ಸಲ ಹಾಕಿಸಿಕೊಂಡ.

ಮಲ್ಲಿ

*

ಕೊಪ್ಪಳ
೨೯ ಅಕ್ಟೋಬರ್ ೨೦೨೫

ಮಲ್ಲಿ!

ಆಯಿತು! ಅನುಮತಿ ಸಿಕ್ಕಿತು! ಅರಣ್ಯದವರ ಅಭಿಪ್ರಾಯ ಬಂತು, ಎನ್‌ಎ ಆಗಿದೆ, ಹೊಸ ನಕ್ಷೆಗೆ ಇವತ್ತು ಮುದ್ರೆ ಬಿತ್ತು. ಆದೇಶ ನಿಮಗೆ ಅಂಚೆಯಲ್ಲಿ ಬರುತ್ತದೆ, ನನ್ನ ಕಾಗದ ಅದಕ್ಕಿಂತ ಮೊದಲು ಮುಟ್ಟಲಿ ಎಂದು ಓಡಿ ಹೋಗಿ ಹಾಕುತ್ತಿದ್ದೇನೆ. ಷರತ್ತುಗಳನ್ನೆಲ್ಲ ಓದು, ಹಗಲು ಮಾತ್ರ ಕೆಲಸ, ಹಳ್ಳದ ದಂಡೆ ಮುಟ್ಟುವಂತಿಲ್ಲ. ಗಾದಿಲಿಂಗಪ್ಪ ಸರ್ ಫೈಲು ಕಟ್ಟಿ ಹೇಳಿದರು: "ಯಾರ್ರಿ ಇದು ಎಳದವ್ರು? ಆಬ್ಜೆಕ್ಷನ್ ಹಾಕಾಕ ಹುಡುಕಿದೆ, ಸಿಗಲಿಲ್ಲ."

ನಾನು ಗೊತ್ತಿಲ್ಲ ಅಂದೆ. ಮುಖ ಮಾತ್ರ ಬೇರೆ ಹೇಳಿರಬೇಕು, ಅವರು ನಕ್ಕರು.

ಮುಬಿ

*

ಗಂಗಾವತಿ
೧೬ ನವೆಂಬರ್ ೨೦೨೫

ಪ್ರೀತಿಯ ಮುಬಿ,

ನಿನ್ನೆ ಮಾರ್ಕಿಂಗ್ ಶುರು ಮಾಡಿದೆವು. ಸಂಜೆಯವರೆಗೆ ದಾರ ಹಿಡಿದು ಸುಣ್ಣದ ಪುಡಿಯಿಂದ ಗೆರೆ ಹಾಕಿದೆವು: ಇಲ್ಲಿ ಮಂಟಪ, ಇಲ್ಲಿ ಅಡುಗೆ, ಇಲ್ಲಿ ಊಟದ ಹಾಲು. ಆಚೆ ಹಳ್ಳದ ಗುಂಟ ತೋಳಗಳಿಗೆಂದು ಬಿಟ್ಟ ದಾರಿ, ಅಗಲ, ಸಾಪು, ನೋಡಲು ಎಷ್ಟು ಚೆಂದ! ನಾನು ಅದನ್ನೇ ನಾಲ್ಕು ಸಲ ನಡೆದು ನೋಡಿ ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಹೋದರೆ ಗೌಂಡಿಗಳೆಲ್ಲ ಗುಂಪಾಗಿ ನೆಲ ನೋಡುತ್ತ ನಿಂತಿದ್ದಾರೆ. ಸುಣ್ಣದ ಮೇಲೆ ಹೆಜ್ಜೆಗಳು. ದೊಡ್ಡದೊಂದು, ಅದರ ಹಿಂದೆ ಬೇರೆಯವು, ತೋಳದವೇ. ನಾವು ಬಿಟ್ಟ ದಾರಿಯ ಹತ್ತಿರವೂ ಸುಳಿದಿಲ್ಲ! ನೇರ ಊಟದ ಹಾಲಿನ ನಡುವೆ ನಡೆದು, ಅಡುಗೆಮನೆಯ ಮೂಲೆ ದಾಟಿ ಕಾಡಿಗೆ ಹೋಗಿವೆ.

ಸಾಹುಕಾರರು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಲೇ ಮಲ್ಲೇಶ್ವರಿ, ಬೀಗರು ಬಂದ ಕೂಡ್ಲೆ ಊಟ ಎಲ್ಲೈತಿ ಅಂತ ನೋಡ್ಯಾರ!" ಅಧಿಕಾರಿಗೆ ಫೋನು ಮಾಡಿದೆ. ಅವರು ಹೆಜ್ಜೆ ಅಳೆದು, ಆ ಗುದ್ದಿನ ಮರಿಗಳೇ ಬೆಳೆದಿರಬಹುದು, ಇದೇ ಅವುಗಳ ಹಳೆಯ ದಾರಿ ಇರಬಹುದು ಎಂದರು. ಹಾಗಾದರೆ ಊಟದ ಹಾಲು ರಸ್ತೆಯ ಕಡೆ ಸರಿಯಬೇಕು. ತಿದ್ದಿದ ನಕ್ಷೆ ಮತ್ತೆ ನಿಮ್ಮ ಆಫೀಸಿಗೆ ಬರುತ್ತದೆ, ಅದಕ್ಕೆ ಮುದ್ರೆ ಬೀಳುವ ತನಕ ಮತ್ತೆ ಕಾಯಬೇಕು. ನನಗೆ ಬೇಸರವಾಗಬೇಕಿತ್ತು. ನಾನು ಆಗಲೇ ಕಡ್ಡಿ ಹಿಡಿದು ಮಣ್ಣಿನಲ್ಲಿ ಹೊಸ ಗೆರೆ ಎಳೆಯುತ್ತಿದ್ದೆ!

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಹನುಮೇಶನ ಹಿಂದೆ ಅಪ್ಪ ಕೂತಿದ್ದ. ಲಾಡ್ಜು ಒಡೆದ ದಿನದ ಮೇಲೆ ಅವನು ಕಟ್ಟಡದ ಜಾಗಕ್ಕೆ ಕಾಲಿಟ್ಟದ್ದೇ ಮೊದಲು. ಇಳಿದು ಗೆರೆಯ ಗುಂಟ ಒಂದು ಸುತ್ತು ಬಂದ. ಸೆಟ್‌ಬ್ಯಾಕಿನ ಮೂಲೆಯಲ್ಲಿ ನಿಂತು ಆಚೀಚೆ ನೋಡಿದ.

"ಇಷ್ಟು ಜಾಗ ಯಾಕ ಬಿಟ್ಟಿ?"

"ಬೆಂಕಿ ಬಿದ್ರ ಗಾಡಿ ತಿರಗಾಕಪ್ಪಾ."

ಅವನು ತಲೆಯಾಡಿಸಿದ. ಹೆಜ್ಜೆಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

"ಈ ಸಲ ಗೆರಿ ಹಾಕೂ ಮೊದಲ ಕೊಪ್ಪಳದಾಕಿನ್ನ ಕರಿ. ಆಮ್ಯಾಲ ಬಂದು ಒಡಸೂದಕ್ಕಿಂತ ಮೊದಲಽ ಬಂದು ಮುಂದ ನಿಂದರ್ಲಿ. ಬುತ್ತಿ ನಿಮ್ಮವ್ವ ಕಟ್ಟಿ ಕೊಡ್ತಾಳ. ನಮ್ಮನಿ ಬುತ್ತಿ ಉಣ್ಣಾಕ ಆಕಿಗೆ ಯಾವ ಫೈಲೂ ಅಡ್ಡ ಬರೂದಿಲ್ಲಲ್ಲ?"

ಬರುವ ಭಾನುವಾರ, ಮುಬಿ. ಮುಂಜಾನೆಯ ಬಸ್ಸು ಹಿಡಿ.

ನಿನ್ನ
ಮಲ್ಲಿ